ಮಿಕ್ಕುದನ್ನು ಒಲ್ಲೆನೆಂಬ ಭಕ್ತಿ: ಆಯ್ದಕ್ಕಿ ಲಕ್ಕಮ್ಮನಿಂದ ಮಾಸ್ತಿಯವರ ಮಂಗಮ್ಮನವರೆಗೆ

ಇದ್ದುದರಲ್ಲಿ ತೃಪ್ತಿಪಡಬೇಕೆಂಬ ಮಾತು ಕನ್ನಡ ನಾಡಿನಲ್ಲಿ ಬಲು ಹಳೆಯದು. ಗಾದೆಯಲ್ಲಿ, ದಾಸರ ಪದಗಳಲ್ಲಿ, ಶತಕಗಳಲ್ಲಿ, ತತ್ತ್ವಪದಗಳಲ್ಲಿ ಅದು ಮತ್ತೆ ಮತ್ತೆ ಬಂದಿದೆ. ಪುರಾಣಪ್ರವಚನದ ಪೀಠದಿಂದ ಇಂದಿಗೂ ಕೇಳಿಬರುತ್ತಿದೆ. ಇಷ್ಟು ಮಂದಿ ಇಷ್ಟು ಸಲ ಹೇಳಿದ ಮಾತು ಸವೆದ ನಾಣ್ಯದಂತೆ ಮುದ್ರೆ ಕಳೆದುಕೊಳ್ಳುವುದು ಸಹಜವೇ. ಉಣ್ಣಲು ಇಲ್ಲದವನಿಗೆ ಅದು ಹಂಗಿಸಿದಂತೆ ಕೇಳುತ್ತದೆ. ಉಂಡು ಮಿಕ್ಕವನಿಗೆ ಜೋಗುಳವಾಗಿ ಕೇಳುತ್ತದೆ. ಹೀಗಿರುವಾಗ ಸಾಹಿತ್ಯದ ಅಭ್ಯಾಸಿಯು ಕೇಳಬೇಕಾದ ಪ್ರಶ್ನೆ, ತೃಪ್ತಿಯನ್ನು ಯಾರು ಹೊಗಳಿದರು ಎಂಬುದಲ್ಲ. ಯಾರು, ಯಾವ ಪದಾರ್ಥವನ್ನು ಮುಂದಿಟ್ಟುಕೊಂಡು, ಯಾರಿಗೆ ಹೇಳಿದರು ಎಂಬುದು. ಈ ಪ್ರಶ್ನೆಯನ್ನು ಹಿಡಿದು ಹೊರಟರೆ ಕನ್ನಡದಲ್ಲಿ ಮೊದಲು ಎದುರಾಗುವವಳು ಆಯ್ದಕ್ಕಿ ಲಕ್ಕಮ್ಮ.

ಲಕ್ಕಮ್ಮ, ಮಾರಯ್ಯ ದಂಪತಿಗಳ ವೃತ್ತಾಂತ ಈ ಪತ್ರಿಕೆಯ ಓದುಗರಿಗೆ ಹೊಸತಲ್ಲ. ಈಗಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಈ ಶರಣರ ಕಾಯಕ, ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು. ಮಾರಯ್ಯ ಒಂದು ದಿನ ಅನುಭಾವದ ಗೋಷ್ಠಿಯಲ್ಲಿ ಮೈಮರೆತ. ಕಾಯಕದ ಹೊತ್ತು ಮೀರಿತು. ಲಕ್ಕಮ್ಮ ಎಚ್ಚರಿಸಿದಳು. ಆತ ಅವಸರದಿಂದ ಹೋಗಿ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದ. ಬಸವಣ್ಣನವರೇ ಅಂದು ಹೆಚ್ಚು ಅಕ್ಕಿ ಚೆಲ್ಲಿಸಿದ್ದರೆಂದು ಪ್ರಚಲಿತ ಕಥೆ ಹೇಳುತ್ತದೆ. ಲಕ್ಕಮ್ಮ ಆ ಅಕ್ಕಿಯನ್ನು ಒಲೆಯ ಮೇಲಿಡಲಿಲ್ಲ. ಎಲ್ಲಿಂದ ತಂದನೋ ಅಲ್ಲಿಯೇ ಸುರಿದು ಬರುವಂತೆ ಗಂಡನಿಗೆ ಹೇಳಿದಳು. ಅನಂತರ ತಮ್ಮ ಎಂದಿನ ಅಳತೆಯ ಅಕ್ಕಿಯಿಂದಲೇ ಬಸವಣ್ಣನವರು ಮೊದಲಾಗಿ ಒಂದು ಲಕ್ಷದ ತೊಂಬತ್ತಾರು ಸಾವಿರ ಜಂಗಮರಿಗೆ ಉಣಬಡಿಸಿದಳೆಂಬುದು ಕಥೆಯ ಮುಕ್ತಾಯ.

ಭಕ್ತರು ಈ ಕಥೆಯನ್ನು ನೆನೆಯುವಾಗ ಕಣ್ಣು ನಿಲ್ಲುವುದು ಸಾಮಾನ್ಯವಾಗಿ ಆ ಪವಾಡದ ಮೇಲೆ. ಕಥೆಯ ತಿರುಳು ಅದಕ್ಕೆ ಮೊದಲೇ ಮುಗಿದಿದೆಯೆಂದು ಹೇಳಬೇಕಾಗುತ್ತದೆ. ಒಂದು ಲಕ್ಷದ ತೊಂಬತ್ತಾರು ಸಾವಿರವೆಂಬುದು ವೀರಶೈವ ಪುರಾಣಗಳಲ್ಲಿ ರೂಢವಾದ ಸಂಖ್ಯೆ. ಬಸವಣ್ಣನವರ ಮಹಾಮನೆಯ ದಾಸೋಹವನ್ನು ವರ್ಣಿಸುವಾಗಲೆಲ್ಲ ಅದು ಬರುತ್ತದೆ. ಅದನ್ನು ಲಕ್ಕಮ್ಮನ ಗುಡಿಸಲಿಗೆ ತಂದಿಟ್ಟವರ ಉದ್ದೇಶ, ಮಹಾಮನೆಯ ಘನತೆಗೆ ಈ ಮನೆಯೇನೂ ಕಡಿಮೆಯಿಲ್ಲವೆಂದು ಸಾರುವುದು. ಒಳ್ಳೆಯ ಉದ್ದೇಶವೇ. ಆದರೆ ಮಹಾಮನೆಯೆಲ್ಲ ಬಂದು ಉಂಡಿತೆಂಬ ಕಾರಣಕ್ಕಾಗಿ ಲಕ್ಕಮ್ಮನ ನಡೆ ಸರಿಯೆಂದಾಗುವುದಿಲ್ಲ. ಯಾರೂ ಉಣ್ಣಲು ಬರದಿದ್ದರೂ ಅದು ಸರಿಯೇ. ಹೆಗಲ ಮೇಲೆ ಅಕ್ಕಿಯ ಗಂಟನ್ನು ಹೊತ್ತು, ತಾನು ಆಯ್ದ ನೆಲಕ್ಕೆ ಅದನ್ನು ಮರಳಿ ಚೆಲ್ಲಲು ನಡೆದುಹೋಗುತ್ತಿರುವ ಮಾರಯ್ಯನ ಚಿತ್ರದಲ್ಲಿ ಪವಾಡವಿಲ್ಲ, ಪ್ರೇಕ್ಷಕರೂ ಇಲ್ಲ. ಇಡೀ ವೃತ್ತಾಂತದಲ್ಲಿ ಅದಕ್ಕಿಂತ ಗಂಭೀರವಾದ ಗಳಿಗೆ ಬೇರೊಂದಿಲ್ಲ.

ಇಲ್ಲಿ ಗ್ರಂಥದ ವಿಚಾರವಾಗಿ ಒಂದು ಮಾತು ಆವಶ್ಯಕ. ಲಕ್ಕಮ್ಮನವೆಂದು ದೊರೆತಿರುವ ವಚನಗಳು 25; ಮಾರಯ್ಯನ ವಚನಗಳೂ ದೊರೆತಿವೆ. ಹನ್ನೆರಡನೆಯ ಶತಮಾನದ ಶರಣರ ಈ ಬಿಡಿ ವಚನಗಳನ್ನು ಮೂರು ನೂರು ವರ್ಷಗಳ ಆಚೀಚೆಗೆ ಶೂನ್ಯಸಂಪಾದನಕಾರರು ಸಂವಾದದ ಸೂತ್ರದಲ್ಲಿ ಪೋಣಿಸಿದರು. ಶಿವಗಣಪ್ರಸಾದಿ ಮಹಾದೇವಯ್ಯ, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ, ಹೀಗೆ ನಾಲ್ವರ ಕೈಯಲ್ಲಿ ಶೂನ್ಯಸಂಪಾದನೆ ಬೆಳೆಯಿತು. ಆದುದರಿಂದ ಗಂಡ ಹೆಂಡಿರ ಮಾತುಕತೆಯೆಂದು ಓದುವ ಭಾಗದಲ್ಲಿ ವಚನ ಒಬ್ಬರದು, ರಂಗಸಜ್ಜಿಕೆ ಇನ್ನೊಬ್ಬರದು. ಈ ಭೇದ ಗೊತ್ತಿದ್ದರೆ ಲಕ್ಕಮ್ಮನ ಮಾತಿನ ಮೊನಚು ಹೆಚ್ಚುತ್ತದೆಯೇ ಹೊರತು ಕುಗ್ಗುವುದಿಲ್ಲ. ಸಂಕಲನಕಾರರ ಗದ್ಯ ಎಲ್ಲವನ್ನೂ ಮಹಿಮೆಯತ್ತ ಎಳೆಯುತ್ತದೆ. ಆಕೆಯ ವಚನ ಮಾತ್ರ ಅಕ್ಕಿಯನ್ನು ಬಿಟ್ಟು ಕದಲುವುದಿಲ್ಲ.

ಹಾಗಾದರೆ ಆಕೆ ಏನನ್ನು ಹೇಳುತ್ತಾಳೆ? ಅತಿಯಾಸೆ ಆಳುವ ಅರಸನಿಗೆ ಸಲ್ಲಬಹುದು, ಭಕ್ತನಿಗೆ ಸಲ್ಲದು ಎನ್ನುವ ಆಕೆಯ ವಚನ ಹೆಸರಾದುದು. ಆಸೆಯನ್ನು ಬಿಡಬೇಕೆಂದವರು ಹಲವರು. ಆಸೆ ಯಾರ ಲಕ್ಷಣವೆಂದು ಗುರುತು ಹಚ್ಚಿದವಳು ಲಕ್ಕಮ್ಮ. ಹೆಚ್ಚು ಕೂಡಿಡುವುದು ಅರಮನೆಯ ಧರ್ಮ. ಭಕ್ತನ ಮನೆಗೆ ಆ ಧರ್ಮ ಅರಿಯದೆ ನುಸುಳಿತೆಂದರೆ ಮನೆಯೊಳಗೆ ಸಣ್ಣದೊಂದು ಅರಮನೆ ಎದ್ದಿತೆಂದೇ ಅರ್ಥ. ಮಾರಯ್ಯ ಕದ್ದು ತಂದಿರಲಿಲ್ಲ, ಬೇಡಿಯೂ ತಂದಿರಲಿಲ್ಲ. ಹೆಚ್ಚು ತಂದುದಷ್ಟೇ ತಪ್ಪು. ಆ ಹೆಚ್ಚು ಇನ್ನಾರಿಗೋ ಸಲ್ಲಬೇಕಾದುದೆಂಬ ಲೆಕ್ಕ ಲಕ್ಕಮ್ಮನದು. ಆಕೆಯ ತೃಪ್ತಿಗೆ ಒಂದು ಕೊಳಗವಿದೆ, ಕೊಳಗಕ್ಕೆ ಒಂದು ಕಂಠವಿದೆ. ಪ್ರತಿದಿನವೂ ಕಂಠದ ಮಟ್ಟವನ್ನು ನೋಡಿಯೇ ಆಕೆ ಒಲೆ ಹಚ್ಚುವವಳು.

ಈ ಅಳತೆಯನ್ನು ಆಕೆ ಎಲ್ಲಿಯವರೆಗೆ ಒಯ್ಯುತ್ತಾಳೆಂಬುದು ಇನ್ನೂ ವಿಸ್ಮಯಕರ. ಕಾಯಕವನ್ನೇ ಕೈಲಾಸವೆಂದು ಸಾರುವ ಪ್ರಸಿದ್ಧೋಕ್ತಿಯನ್ನು ಸಭೆಗಳಲ್ಲಿ, ಗೋಡೆಬರಹಗಳಲ್ಲಿ ಬಸವಣ್ಣನವರ ಹೆಸರಿಗೆ ಬರೆಯುವುದು ವಾಡಿಕೆ. ಅದು ಕಾಣಸಿಗುವುದು ಮಾರಯ್ಯನ ವಚನದಲ್ಲಿ. ಕಾಯಕದಲ್ಲಿ ತೊಡಗಿರುವಾಗ ಗುರು ಬಂದರೂ, ಲಿಂಗಪೂಜೆ ತಪ್ಪಿದರೂ, ಜಂಗಮ ಮುಂದೆ ನಿಂತರೂ ಕೈಯ ಕೆಲಸ ನಿಲ್ಲಬಾರದೆಂಬ ಕಠಿನ ನಿಷ್ಠೆಯ ವಚನವದು. ಗೋಡೆಯ ಮೇಲೆ ಬರೆಯುವವರು ಆ ಮೊದಲ ಭಾಗವನ್ನು ಬಿಟ್ಟು ಕೊನೆಯದನ್ನಷ್ಟೇ ಬರೆಯುತ್ತಾರೆ. ಇಂಥ ಮಾತನ್ನಾಡಿದ ಮಾರಯ್ಯನಿಗೂ ಲಕ್ಕಮ್ಮ ಒಂದು ಎಚ್ಚರಿಕೆಯನ್ನು ಕೊಡುತ್ತಾಳೆ. ಮಾಡಿದ್ದಕ್ಕೆ, ನೀಡಿದ್ದಕ್ಕೆ ಪ್ರತಿಯಾಗಿ ಕೈಲಾಸ ಬರುವುದೆಂದು ಕಾದಿದ್ದರೆ ಅದು ಕೂಲಿಯ ನಿರೀಕ್ಷೆಯೇ ಎಂಬುದು ಆಕೆಯ ಅಭಿಪ್ರಾಯ. ಅಂಗಳದಲ್ಲಿ ಹೆಚ್ಚಾಗಿ ಬಿದ್ದ ಅಕ್ಕಿ ಯಾವುದೋ, ದಾಸೋಹದ ಬೆನ್ನಿಗೆ ನಿರೀಕ್ಷಿಸುವ ಕೈಲಾಸವೂ ಅದೇ: ಇದೂ ಮಿಕ್ಕುದು, ಅದೂ ಮಿಕ್ಕುದು. ಭಕ್ತಿಯನ್ನು ವ್ಯಾಪಾರದಿಂದ ಬಿಡಿಸಿದ ಇಷ್ಟು ನೇರವಾದ ಮಾತು ಅನುಭಾವಸಾಹಿತ್ಯದಲ್ಲಿ ವಿರಳ. ಹರಕೆಗೆ ಪ್ರತಿಫಲ, ಸೇವೆಗೆ ರಸೀತಿ ಕೇಳುವ ಇಂದಿನ ಭಕ್ತಿಯನ್ನು ನೆನೆದರೆ, ಸರಳಜೀವನಕ್ಕಿಂತಲೂ ಸರಳವಾದ ನಂಬಿಕೆ ಸಾಧಿಸಲು ಕಷ್ಟವೆಂಬುದು ಮನವರಿಕೆಯಾಗುತ್ತದೆ.

ಶರಣರ ಇತರ ವೃತ್ತಾಂತಗಳ ಬದಿಗೆ ಇದನ್ನಿಟ್ಟು ನೋಡಿದರೆ ಒಂದು ಸಮಾನ ವಿನ್ಯಾಸ ಹೊಳೆಯುತ್ತದೆ. ಕಾಶ್ಮೀರದ ಅರಸುತನವನ್ನು ತೊರೆದು ಕಟ್ಟಿಗೆ ಹೊತ್ತು ಮಾರಿದ ಮೋಳಿಗೆಯ ಮಾರಯ್ಯನ ಮನೆಯಲ್ಲಿ ಬಸವಣ್ಣನವರು ಹೊನ್ನಿನ ಗಂಟನ್ನು ಗುಟ್ಟಾಗಿ ಇಟ್ಟು ಬಂದರೆಂಬ ಕಥೆಯಿದೆ. ಮಾರಯ್ಯ ಅದನ್ನು ತನಗೆಂದು ಇರಿಸಿಕೊಳ್ಳದೆ ಜಂಗಮರಿಗೆ ಸಲ್ಲಿಸಿದ. ನುಲಿಯ ಚಂದಯ್ಯ ಹೊಡಕೆಯ ಹುಲ್ಲಿನಿಂದ ಹಗ್ಗ ಹೊಸೆಯುವವನು. ಹಗ್ಗಕ್ಕೆ ಸಲ್ಲುವ ಬೆಲೆಗಿಂತ ಹೆಚ್ಚನ್ನು ಆತನೂ ಒಲ್ಲ. ಅಕ್ಕಿಯ ಕಥೆಯಲ್ಲಿಯೂ ಹೊನ್ನಿನ ಕಥೆಯಲ್ಲಿಯೂ ಹೆಚ್ಚನ್ನು ಕೊಡುವ ಕೈ ಬಸವಣ್ಣನವರದೇ ಎಂಬುದನ್ನು ಗಮನಿಸಬೇಕು. ಬಿಜ್ಜಳನ ಭಂಡಾರವನ್ನು ನೋಡಿಕೊಳ್ಳುತ್ತಿದ್ದ, ಕರುಣೆಯೇ ಮೂರ್ತಿವೆತ್ತಂತಿದ್ದ ಆ ಮಹಾಪುರುಷರ ಔದಾರ್ಯಕ್ಕೂ ಒಂದು ಮೇರೆಯುಂಟೆಂದು ತೋರಿಸುವವರು ಕಟ್ಟಿಗೆ ಮಾರುವವನು ಮತ್ತು ಅಕ್ಕಿ ಆಯುವವಳು. ಪರಂಪರೆ ತನ್ನ ಪರಮಪೂಜ್ಯನನ್ನು ಕಲಿಯುವವನ ಸ್ಥಾನದಲ್ಲಿ ನಿಲ್ಲಿಸಲು ಹಿಂಜರಿಯಲಿಲ್ಲ. ಕೊಡುವವನಿಗೆ ಕೊಡುವುದರಲ್ಲಿಯೇ ಒಂದು ಆಸೆ ಹುಟ್ಟಬಲ್ಲದೆಂಬ ಸೂಕ್ಷ್ಮ ಇಲ್ಲಿದೆ. ದಾನಿಗಳ ಹೆಸರನ್ನು ಕಲ್ಲಿನಲ್ಲಿ ಕೊರೆಸಿ ನಿಲ್ಲಿಸುವ ಇಂದಿನ ದೇವಾಲಯ, ಮಠಗಳ ಅಂಗಳದಲ್ಲಿ ಈ ಕಥೆಗಳನ್ನು ಮತ್ತೊಮ್ಮೆ ಓದುವುದು ತಪ್ಪಲ್ಲ.

ಈ ವಚನಗಳು ನಮ್ಮ ಕೈಸೇರಿದ ದಾರಿಯೂ ಇಂಥದೇ. ಫ. ಗು. ಹಳಕಟ್ಟಿಯವರು ವಕೀಲಿ ವೃತ್ತಿಯ ವರಮಾನವನ್ನು ಓಲೆಗರಿಗಳಿಗೆ ಸುರಿದು 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದರು. ಮುದ್ರಣಾಲಯಕ್ಕಾಗಿ ಮನೆಯನ್ನೇ ಮಾರಿದರು. ಆ ಜೀವನವೇ ಬೇರೊಂದು ಲೇಖನದ ವಸ್ತು.

ಇನ್ನು ಹನ್ನೆರಡನೆಯ ಶತಮಾನದಿಂದ ಇಪ್ಪತ್ತನೆಯದಕ್ಕೆ, ಕಲ್ಯಾಣದಿಂದ ನಾಡಿನ ಇನ್ನೊಂದು ತುದಿಯಾದ ಕೋಲಾರ ಸೀಮೆಗೆ ಬರೋಣ. ಕೊಳಗದ ಕಂಠವನ್ನು ನೋಡಿ ಒಲೆ ಹಚ್ಚುವ ಈ ಭಾವ ಹೊಸ ಸಾಹಿತ್ಯದಲ್ಲಿ ಏನಾಯಿತೆಂದು ಪರೀಕ್ಷಿಸಲು ಆ ಸೀಮೆಯ ಇಬ್ಬರು ಲೇಖಕರು ಯೋಗ್ಯರು. ಒಬ್ಬರು ಮುಳಬಾಗಿಲಿನಲ್ಲಿ 1887ರಲ್ಲಿ ಜನಿಸಿದ ಡಿ. ವಿ. ಗುಂಡಪ್ಪನವರು, ಇನ್ನೊಬ್ಬರು ಮಾಲೂರು ತಾಲ್ಲೂಕಿನಲ್ಲಿ 1891ರಲ್ಲಿ ಜನಿಸಿ, ಮಾಸ್ತಿಯೆಂಬ ಊರಿನ ಹೆಸರನ್ನೇ ತಮ್ಮ ಹೆಸರಾಗಿಸಿಕೊಂಡ ವೆಂಕಟೇಶ ಅಯ್ಯಂಗಾರ್ಯರು. ಇಬ್ಬರೂ ವೀರಶೈವ ಪರಂಪರೆಯವರಲ್ಲ, ವಚನಗಳ ಪ್ರಭಾವದಿಂದ ಬರೆದವರೂ ಅಲ್ಲ. ಹೋಲಿಕೆಗೆ ಬೆಲೆ ಬರುವುದು ಈ ಕಾರಣದಿಂದಲೇ.

ಗುಂಡಪ್ಪನವರ ವಿಷಯವಾಗಿ ಒಂದೇ ಸಂಗತಿ ಸಾಕು. 1970ರಲ್ಲಿ ಅವರನ್ನು ಸನ್ಮಾನಿಸಿ ಒಂದು ಲಕ್ಷ ರೂಪಾಯಿಯ ನಿಧಿಯನ್ನು ಅರ್ಪಿಸಿದಾಗ ಅದನ್ನು ಅವರು ತಾವೇ ಕಟ್ಟಿದ್ದ ಗೋಖಲೆ ಸಾರ್ವಜನಿಕ ಸಂಸ್ಥೆಗೆ ಕೊಟ್ಟುಬಿಟ್ಟರು. 1943ರಲ್ಲಿ ಪ್ರಕಟವಾದ ಮಂಕುತಿಮ್ಮನ ಕಗ್ಗದಲ್ಲಿ ತೃಪ್ತಿಯನ್ನು ಕುರಿತ ಪದ್ಯಗಳು ಬೇಕಾದಷ್ಟಿವೆ, ಅವನ್ನು ಬಾಯಿಪಾಠ ಮಾಡಿದವರೂ ಬೇಕಾದಷ್ಟಿದ್ದಾರೆ. ಗಂಟನ್ನು ಹೊತ್ತು ಮರಳಿ ಹೋದ ಮಾರಯ್ಯನ ಹೆಜ್ಜೆಗೆ ಹತ್ತಿರವಾದುದು ಮಾತ್ರ ಆ ಪದ್ಯಗಳಿಗಿಂತ ಈ ಘಟನೆ.

ಮಾಸ್ತಿಯವರ ವಿಷಯ ಇಷ್ಟು ಸುಲಭವಲ್ಲ. ನವ್ಯ ವಿಮರ್ಶೆಯ ದಿನಗಳಲ್ಲಿ ಅವರ ಮೇಲೆ ಬಂದ ಮುಖ್ಯ ಆಕ್ಷೇಪಣೆಯೇ ಅವರು ತೃಪ್ತ ಲೇಖಕರೆಂಬುದು. ಜಗತ್ತಿನ ಕೇಡನ್ನು ನೋಡಿಯೂ ಬೇಗನೆ ಸಮಾಧಾನ ಹೇಳಿಬಿಡುತ್ತಾರೆಂಬುದು. ಆಕ್ಷೇಪಣೆ ಪೂರ್ತಿ ಸುಳ್ಳೂ ಅಲ್ಲ. ಅವರ ಕೆಲವು ಕಥೆಗಳಲ್ಲಿ ಸಮಾಧಾನ ನಿರೂಪಕನ ಸೌಜನ್ಯದಿಂದ ಬರುತ್ತದೆ, ಪಾತ್ರದ ಪಾಡಿನಿಂದ ಬರುವುದಿಲ್ಲ. ಆದರೆ ‘ಮೊಸರಿನ ಮಂಗಮ್ಮ’ ಆ ಸಾಲಿಗೆ ಸೇರಿದುದಲ್ಲ. ಬೆಂಗಳೂರಿನ ಬೀದಿಗಳಲ್ಲಿ ಮೊಸರು ಮಾರಿ ಬದುಕುವ ಹಳ್ಳಿಯ ಹೆಂಗಸು ಮಂಗಮ್ಮ. ಮೊಮ್ಮಗನನ್ನು ಸೊಸೆ ಹೊಡೆದಳೆಂಬ ಕಾರಣಕ್ಕೆ ಜಗಳ ಹುಟ್ಟಿ, ಆಕೆ ಬೇರೆ ಅಡುಗೆ ಹೂಡಬೇಕಾಗುತ್ತದೆ. ಇದುವರೆಗೆ ಮಗ, ಸೊಸೆ, ಮೊಮ್ಮಗನಿಗೆಂದು ಖರ್ಚಾಗುತ್ತಿದ್ದ ಮೊಸರಿನ ದುಡ್ಡು ಈಗ ಕೈಯಲ್ಲಿ ಉಳಿಯತೊಡಗುತ್ತದೆ. ಯಾರಿಗಾಗಿ ಕೂಡಿಡಬೇಕೆಂದು ತಿಳಿಯದೆ ಆಕೆ ಮಕಮಲ್ಲಿನ ಜಾಕೀಟನ್ನು ಹೊಲಿಸಿಕೊಳ್ಳುತ್ತಾಳೆ. ಆಕೆಯ ಒಂಟಿತನವನ್ನೂ ದುಡ್ಡನ್ನೂ ಮೂಸಿ ರಂಗಪ್ಪನೆಂಬವನು ಹತ್ತಿರ ಬರುತ್ತಾನೆ.

ಆ ಮಕಮಲ್ಲನ್ನು ಅನೇಕರು ಹಾಸ್ಯದ ಎಳೆಯೆಂದು ಓದಿದ್ದಾರೆ. ಅದು ಕಥೆಯ ನಡುಗಂಬ. ಮಂಗಮ್ಮನಿಗೆ ಇದ್ದಕ್ಕಿದ್ದಂತೆ ಆಸೆ ಹುಟ್ಟಿದ್ದರಿಂದ ಜಾಕೀಟು ಬಂದುದಲ್ಲ. ಕೊಡುವ ದಾರಿ ಮುಚ್ಚಿಹೋದುದರಿಂದ ಬಂದದ್ದು. ಅನ್ನವನ್ನು ಹಂಚಿಕೊಳ್ಳುವವರು ಇಲ್ಲವಾದ ಮನೆಯಲ್ಲಿ ದುಡ್ಡು ಮಿಕ್ಕುತ್ತದೆ, ಮಿಕ್ಕ ದುಡ್ಡು ಬಟ್ಟೆಯಾಗುತ್ತದೆ. ಸಂಪತ್ತಿನ ಹಂಬಲ ಕೇವಲ ಮನಸ್ಸಿನ ಚಾಪಲ್ಯವಲ್ಲ, ಬಾಂಧವ್ಯ ಕಡಿದುಬಿದ್ದ ಗಾಯದ ಮೇಲೆ ಬೆಳೆದ ದುರ್ಮಾಂಸವೂ ಆಗಿರಬಹುದೆಂಬುದನ್ನು ಮಾಸ್ತಿಯವರು ಒಂದು ಜಾಕೀಟಿನಲ್ಲಿ ತೋರಿಸಿಬಿಟ್ಟಿದ್ದಾರೆ. ಮಂಗಮ್ಮನಿಗೆ ಯಾರೂ ಉಪದೇಶ ಮಾಡುವುದಿಲ್ಲ. ಮೊಮ್ಮಗ ಅಜ್ಜಿಯನ್ನು ಅರಸಿ ಬರುತ್ತಾನೆ. ಕೊಡುವ ದಾರಿ ಮತ್ತೆ ತೆರೆಯುತ್ತದೆ. ಮಕಮಲ್ಲಿನ ಪ್ರಶ್ನೆ ತಾನಾಗಿ ಹಿಂದೆ ಸರಿಯುತ್ತದೆ. ಲಕ್ಕಮ್ಮನ ಮನೆಯಲ್ಲಿ ದಾಸೋಹ ಮಾಡುವ ಕೆಲಸವನ್ನು ಇಲ್ಲಿ ಒಂದು ಮಗು ಮಾಡಿದೆ.

ಭೇದವೂ ಇದೆ, ಅದನ್ನು ಮರೆಮಾಚಬಾರದು. ಲಕ್ಕಮ್ಮನ ಅಳತೆ ಅರಿತು ಹಿಡಿದ ಅಳತೆ. ಮಂಗಮ್ಮನದು ಬದುಕು ಕೈಗೆ ಕೊಟ್ಟದ್ದು. ನಾಳೆ ಮತ್ತೆ ಜಗಳವಾದರೆ ಮತ್ತೆ ಮಕಮಲ್ಲು ಬಂದೀತು. ಮಾಸ್ತಿಯವರ ‘ಸುಬ್ಬಣ್ಣ’ (1928) ಈ ಕೊರತೆಯನ್ನು ಬೇರೆ ಬಗೆಯಿಂದ ತುಂಬುತ್ತದೆ. ಮೈಸೂರಿನ ಅರಮನೆಯ ಆಶ್ರಯದಲ್ಲಿದ್ದ ಪೌರಾಣಿಕರ ಮಗ ಸಂಗೀತದ ಹುಚ್ಚಿನಿಂದ ತಂದೆಯ ಮನಸ್ಸನ್ನು ಕಳೆದುಕೊಂಡು, ಹೆಂಡತಿಯೊಡನೆ ಊರು ಬಿಟ್ಟು, ದೂರದೇಶದಲ್ಲಿ ಸಾವುನೋವುಗಳನ್ನು ಉಂಡು, ಕಡೆಗೆ ಹಾಡನ್ನೇ ಉಪಾಸನೆಯಾಗಿ ಕಾಣುವ ಕಥೆಯದು. ಅಲ್ಲಿ ಶಾಂತಿ ದೊರೆಯುತ್ತದೆ, ಎಲ್ಲವನ್ನೂ ಕಳೆದುಕೊಂಡ ಮೇಲೆ. ಹೊಸಗನ್ನಡದ ಕಥನಕ್ಕೆ ತೃಪ್ತಿಯೆಂಬುದು ಬಹುಮಟ್ಟಿಗೆ ದುಃಖದ ಕೊನೆಯಲ್ಲಿ ಬರುವ ಫಲ. ಲಕ್ಕಮ್ಮನಿಗೆ ಅದು ದಿನದ ಮೊದಲ ಕೆಲಸ. ಏನನ್ನೂ ಕಳೆದುಕೊಳ್ಳುವ ಮೊದಲೇ, ಒಲೆ ಹಚ್ಚುವ ಮೊದಲೇ ಆಗಬೇಕಾದದ್ದು. ಕಲೆಯಾಗಿ ಸುಬ್ಬಣ್ಣನ ಕಥೆ ಹೆಚ್ಚು ಕರುಣಾಮಯವಾದೀತು. ದಾರಿಯಾಗಿ ಹಿಡಿಯಬಹುದಾದುದು ಲಕ್ಕಮ್ಮನದು. ನಡೆಯಲು ಬಾರುವಂತೆ ಇರುವುದು ಅದೊಂದೇ, ಏಕೆಂದರೆ ದುಃಖವನ್ನು ಯಾರೂ ಸಾಧನೆಗಾಗಿ ಬೇಡಿ ತರಲಾರರು.

ಮಾಸ್ತಿಯವರ ತಾಲ್ಲೂಕಿನಲ್ಲಿ ಇಂದು ಈ ವಿಚಾರ ಗ್ರಂಥದ ವಿಚಾರವಾಗಿ ಮಾತ್ರ ಉಳಿದಿಲ್ಲ. ಮಾಸ್ತಿ, ಟೇಕಲ್, ಲಕ್ಕೂರು, ಇವೆಲ್ಲ ಮಾಲೂರಿನ ಹೋಬಳಿಗಳು. (ಲಕ್ಕೂರೆಂಬ ಹೆಸರನ್ನು ಕೇಳಿದೊಡನೆ ಲಕ್ಕಮ್ಮನಿಗೆ ಗಂಟು ಹಾಕಲು ಉತ್ಸಾಹಿಗಳು ಮುಂದಾದಾರು; ಬರಿಯ ಹೆಸರಿನ ಸಾಮ್ಯದಿಂದ ಸಂಬಂಧ ಕಟ್ಟುವುದು ವಿದ್ವತ್ತಿಗೆ ಭೂಷಣವಲ್ಲ.) ಹೆಂಚಿಗೂ ಇಟ್ಟಿಗೆಗೂ ಹೆಸರಾದ, ಬೆಂಗಳೂರಿನ ಮಾರುಕಟ್ಟೆಗೆ ತರಕಾರಿ, ಹೂವು ಕಳಿಸುವ ಈ ನೆಲಕ್ಕೆ ನಗರದ ಬೆಲೆ ತಟ್ಟಿ ಬಹಳ ಕಾಲವಾಯಿತು. ಕಾರ್ಖಾನೆ ಬಂದಿದೆ, ಬೆಂಗಳೂರು ಚೆನ್ನೈ ನಡುವಣ ಹೊಸ ಹೆದ್ದಾರಿ ಹಾದಿದೆ, ಹೊಲ ನಿವೇಶನವಾಗಿದೆ. ಜೀವನದಿಯಿಲ್ಲದ ಈ ಸೀಮೆ ಬದುಕಿದ್ದು ಕೆರೆಗಳಿಂದ. ಕೆರೆಗೆ ತೂಬಿತ್ತು, ತೂಬಿಗೆ ನೀರುಗಂಟಿಯಿದ್ದ. ಯಾವ ಗದ್ದೆಗೆ ಎಷ್ಟು ಹೊತ್ತು ನೀರೆಂಬುದು ಅವನ ಕೈಯಲ್ಲಿತ್ತು. ಆ ವ್ಯವಸ್ಥೆಯಲ್ಲಿ ಮೇಲುಕೀಳುಗಳಿರಲಿಲ್ಲವೆಂದಲ್ಲ. ನೀರನ್ನು ಅಳೆದು ಹಂಚಿದ ಕೈಗೆ ಸ್ವಂತ ಗದ್ದೆಯಿಲ್ಲದಿದ್ದುದೇ ಹೆಚ್ಚು. ಆದರೂ ನೀರಿಗೆ ಒಂದು ಕಂಠವಿತ್ತು. ಕೊಳವೆಬಾವಿಗೆ ತೂಬಿಲ್ಲ. ಅದು ನೂರು ಅಡಿಯಿಂದ ಸಾವಿರ ಅಡಿಗೂ ಕೆಳಕ್ಕೆ ಇಳಿಯಿತು. ಅಗೆದವನು ಸಾಲಕ್ಕೆ ಬಿದ್ದ. 2018ರಿಂದ ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿದ ನೀರು ಕೋರಮಂಗಲ ಚಲ್ಲಘಟ್ಟ ಕಣಿವೆಯ ಯೋಜನೆಯಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಅದರ ಗುಣಾವಗುಣಗಳ ಚರ್ಚೆ ಬೇರೆ; ಮಹಾನಗರ ಬಳಸಿ ಬಿಟ್ಟದ್ದು ಹಳ್ಳಿಯ ಕೆರೆಯಲ್ಲಿ ತುಂಬಿದೆಯೆಂಬುದು ಮಾತ್ರ ಮಿಕ್ಕುದರ ಲೆಕ್ಕವನ್ನು ನೆನಪಿಸದೆ ಇರದು.

ಈ ಸ್ಥಿತಿಯಲ್ಲಿ ನಿಂತು, ಹೊಲ ಮಾರಿದ ರೈತನಿಗೋ ಇಟ್ಟಿಗೆಯ ಗೂಡಿನ ಕೂಲಿಗೋ ಸರಳವಾಗಿ ಬದುಕೆಂದು ಉಪದೇಶಿಸಿದರೆ ಅದು ಲಕ್ಕಮ್ಮನ ಮಾತಾಗುವುದಿಲ್ಲ. ಭಕ್ತನಿಗೆ ಬಡತನವೆಂಬುದೇ ಇಲ್ಲವೆಂಬ ಅರ್ಥದ ಆಕೆಯ ವಚನವನ್ನು ಇತರರ ಬಡತನಕ್ಕೆ ಔಷಧವೆಂದು ಎತ್ತಿಹೇಳುವವರಿದ್ದಾರೆ. ಆ ವಚನ ಹುಟ್ಟಿದ್ದು ಅಕ್ಕಿ ಆಯ್ದು ಉಣ್ಣುವ ಮನೆಯಲ್ಲಿ. ಹೇಳಿದವಳೇ ಅದರ ಹೊರೆಯನ್ನು ಹೊತ್ತಿದ್ದಳು. ಉಗ್ರಾಣದ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡವನ ಬಾಯಲ್ಲಿ ಅದೇ ಮಾತು ಬೇರೆಯೇ ಆಗುತ್ತದೆ. ಕಥೆಯನ್ನು ಎಚ್ಚರದಿಂದ ಓದಿದರೆ ಲಕ್ಕಮ್ಮನ ತಗಾದೆ ಒಟ್ಟು ಮೂವರ ಮೇಲೆ: ತನ್ನ ಗಂಡ, ತಾನು, ಹಾಗೂ ಹೆಚ್ಚು ಚೆಲ್ಲಿಸಿದ ಬಸವಣ್ಣನವರು. ಬಡವರ ಮೇಲೆ ಆಕೆಗೆ ತಗಾದೆಯೇ ಇಲ್ಲ.

ಮಂಗಮ್ಮನ ಕಥೆಯ ಕೊನೆಯಲ್ಲಿ ಸೊಸೆ ನಂಜಮ್ಮ ಮೊಸರಿನ ವ್ಯಾಪಾರಕ್ಕೆ ಹೆಗಲು ಕೊಡುತ್ತಾಳೆ. ಸೊಸೆ ಮಗುವನ್ನು ಅಜ್ಜಿಯ ಬಳಿಗೆ ಬಿಟ್ಟುದರ ಹಿಂದೆ ಆ ದುಡ್ಡು ರಂಗಪ್ಪನ ಪಾಲಾದೀತೆಂಬ ಲೆಕ್ಕಾಚಾರವೂ ಇತ್ತೆಂಬುದನ್ನು ಮಾಸ್ತಿಯವರು ಬಚ್ಚಿಡುವುದಿಲ್ಲ. ಅದನ್ನು ತಿಳಿದೂ ಅವರು ಆ ಮನೆಯನ್ನು ಒಂದುಗೂಡಿಸುತ್ತಾರೆ. ಲಕ್ಕಮ್ಮನಾಗಿದ್ದರೆ ಆ ಲೆಕ್ಕಾಚಾರವನ್ನು ಹೊರಗಿಟ್ಟು ಬರುವಂತೆ ನಂಜಮ್ಮನನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳಿಸುತ್ತಿದ್ದಳೇನೋ. ಮಾಸ್ತಿಯವರು ಕಳಿಸುವುದಿಲ್ಲ, ಕುಕ್ಕೆಯನ್ನು ಅವಳ ತಲೆಯ ಮೇಲಿಟ್ಟು, ಮೊಸರು ಮಾರಲು ಬೀದಿಗೆ ಕಳಿಸುತ್ತಾರೆ.